ಹೊಸ ಬ್ರೇಕ್ ಡಿಸ್ಕ್ ಅಂತ ಹಳೆಯದಕ್ಕೆ ಬಣ್ಣ ಬಳಿದು ಕಳಿಸಿದ್ದಾರೆ. ಹಾಕುವ ಮುಂಚೆ ಅಳೆಯಿರಿ

ಸ್ಪೋರ್ಟ್ಸ್ ಕಾರಿಗೆ ಆನ್‌ಲೈನ್‌ನಲ್ಲಿ ಬ್ರೇಕ್ ಡಿಸ್ಕ್, ಅಂದ್ರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆ, ತರಿಸಿ ಮನೆಯಲ್ಲೇ ಹಾಕಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಾಕ್ಸ್ ಬಂದ ದಿನವೇ ಬಿಚ್ಚಿ. ಅವತ್ತೇ ದಪ್ಪ ಅಳೆಯಿರಿ. ನಾನು ಅಳೆಯಲಿಲ್ಲ. ಬಿಡುವಾದಾಗ ಮಾಡೋಣ ಅಂತ ಮೂರು ವಾರ ಮೂಲೆಯಲ್ಲಿಟ್ಟೆ. ಈಗ ಅನುಭವಿಸುತ್ತಿದ್ದೇನೆ.

ಬ್ರೇಕ್ ಕೆಲಸ ನನಗೆ ಹೊಸದಲ್ಲ. ಎಷ್ಟೋ ಸಲ ಮಾಡಿದ್ದೇನೆ. ಅದಕ್ಕೇ ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಇದು ಸೀಟ್ ಕವರ್ ಅಲ್ಲ, ಬ್ರೇಕ್.

ಮುಂದಿನ ಚಕ್ರಗಳಿಗೆ ಎರಡು ಡಿಸ್ಕ್, ಆ ಡಿಸ್ಕ್ ಅನ್ನು ಒತ್ತಿ ನಿಲ್ಲಿಸುವ ಒಂದು ಸೆಟ್ ಪ್ಯಾಡ್, ಪ್ಯಾಡ್ ಸವೆದಿದ್ದನ್ನು ತಿಳಿಸುವ ಸೆನ್ಸರ್ ವೈರ್ ಬೇಕಿತ್ತು. ನನ್ನ ಗಾಡಿಯ ಡಿಸ್ಕ್ ಹೊಸದಿದ್ದಾಗ 32 ಮಿ.ಮೀ. ದಪ್ಪ. 30ಕ್ಕಿಂತ ಕೆಳಗಿಳಿದರೆ ಎಸೆಯಬೇಕು. ಈ ಕನಿಷ್ಠ ದಪ್ಪವನ್ನು ಡಿಸ್ಕ್ ಮೇಲೇ ಒತ್ತಿರುತ್ತಾರೆ, ನಿಮಗೂ ಗೊತ್ತಿರುತ್ತೆ ಅಲ್ವಾ. ನನ್ನದು 29.7ಕ್ಕೆ ಬಂದಿತ್ತು. ಮಾರುವವರು ಚಾಸಿ ನಂಬರ್ ಕೇಳಿದರು. ನಾನು ನಂಬಿದ್ದೇ ಅದಕ್ಕೆ. ಒಂದೇ ಮಾಡೆಲ್‌ಗೆ ಎರಡು ಮೂರು ಅಳತೆಯ ಬ್ರೇಕ್ ಇರುತ್ತವೆ, ಹಾಗಾಗಿ ಚಾಸಿ ನಂಬರ್ ಕೇಳುವವರು ತಿಳಿದವರು ಅನ್ನೋದು ನನ್ನ ಲೆಕ್ಕ. "ಒರಿಜಿನಲ್ ಸರ್, ಕಣ್ಣು ಮುಚ್ಚಿ ಹಾಕಿ" ಅಂದರು. ಬೆಲೆಯೂ ಅನುಮಾನ ಬರುವಷ್ಟು ಕಮ್ಮಿ ಇರಲಿಲ್ಲ.

ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಎರಡೂ ಮುಂದಿನ ಚಕ್ರ ತೆಗೆದೆ. ಪಿನ್ ಬಡಿದು ಹಳೆಯ ಪ್ಯಾಡ್ ಎಳೆದೆ. ಪ್ಯಾಡ್ ಹಿಡಿದು ಒತ್ತುವ ಕ್ಯಾಲಿಪರ್ ಬಿಚ್ಚಿ ಮೆತುವಾದ ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿದೆ, ಬ್ರೇಕ್ ಆಯಿಲ್ ಹೋಸ್ ಮೇಲೆ ಭಾರ ಬೀಳಬಾರದಲ್ಲ. ಡಿಸ್ಕ್ ಹಿಡಿದಿರುವ ಸಣ್ಣ ಸ್ಕ್ರೂ ಒಂದು ಗಂಟೆ ಸತಾಯಿಸಿತು. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದೆ. ಇಲ್ಲಿಯವರೆಗೆ ಎಲ್ಲಾ ಸರಿ.

ಹೊಸ ಡಿಸ್ಕ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಅದನ್ನು ತೆಗೆಯೋಕೆ ಬ್ರೇಕ್ ಕ್ಲೀನರ್ ಹೊಡೆದೆ. ಎಣ್ಣೆ ಇಳಿಯಲಿಲ್ಲ. ಬಣ್ಣ ಇಳಿಯಿತು. ಬೂದು ಬಣ್ಣ, ಹಾಲಿನ ಹಾಗೆ ತಟ್ಟೆಗೆ ಸೋರಿತು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದೆ. ನಡುವಿನ ಭಾಗದಲ್ಲಿ, ಬಣ್ಣದ ಕೆಳಗೆ ಹಳೆಯ ತುಕ್ಕಿನ ಗುಳಿಗಳು. ಬೋಲ್ಟ್ ತೂತುಗಳ ಸುತ್ತ ಒಂದು ಹೊಳೆಯುವ ಉಂಗುರ. ಚಕ್ರ ಒತ್ತಿ ಕೂತ ಗುರುತು ಅದು! ಹೊಸ ಡಿಸ್ಕ್ ಮೇಲೆ ಚಕ್ರ ಕೂತ ಗುರುತು ಎಲ್ಲಿಂದ ಬರುತ್ತೆ ಹೇಳಿ?

ಆಗಲೂ ಮನಸ್ಸು ಒಪ್ಪಲಿಲ್ಲ. ಡಿಸ್ಕ್‌ನ ಪ್ಯಾಡ್ ಉಜ್ಜುವ ಮೈಮೇಲೆ ಕೊರೆದಿರುವ ಸಣ್ಣ ತೂತಿಗೆ ಕಡ್ಡಿ ಹಾಕಿ ತಿರುಗಿಸಿದೆ. ಕಪ್ಪು ಪುಡಿ ಬಂತು. ಬೇರೆ ಯಾರದೋ ಪ್ಯಾಡಿನ ಪುಡಿ. ಟಾರ್ಚ್ ಹಿಡಿದರೆ ಮೂರು ತೂತುಗಳ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು. ಕೈ ನಡುಗೋಕೆ ಶುರುವಾಯಿತು. ದಪ್ಪ ನಿಖರವಾಗಿ ಅಳೆಯುವ ಮೈಕ್ರೋಮೀಟರ್ ತಂದು ಅಳೆದೆ. 30.4. ಇನ್ನೊಂದು ಕಡೆ 30.4. ಮತ್ತೊಂದು ಕಡೆ 30.5. ಎರಡನೆಯ ಡಿಸ್ಕ್ 30.3. ಸವೆದ ಡಿಸ್ಕ್ ತಂದು, ಲೇತ್‌ನಲ್ಲಿ ಕೆರೆದು, ಬಣ್ಣ ಹೊಡೆದು, ಹೊಸ ಡಬ್ಬದಲ್ಲಿ ಹಾಕಿ ಕಳಿಸಿದ್ದಾರೆ. ನಾನು ದುಡ್ಡು ಕೊಟ್ಟಿದ್ದು 30ಕ್ಕೆ ಇಳಿಯುವ ಮುಂಚೆ ಎರಡು ಮಿ.ಮೀ. ಸವೆಯಬಲ್ಲ ಡಿಸ್ಕ್ ಅಂತ, ಸಿಕ್ಕಿದ್ದರಲ್ಲಿ ಉಳಿದಿದ್ದು ಅರ್ಧ ಮಿ.ಮೀ.ಗಿಂತ ಕಮ್ಮಿ.

ಅಷ್ಟಕ್ಕೇ ಇಷ್ಟು ಸಿಟ್ಟಾ ಅಂತ ಕೇಳಬೇಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದೆಲ್ಲಾ ಬಿಸಿಯಾಗಿ ಡಿಸ್ಕ್‌ಗೇ ಹೋಗಬೇಕು. ಕಬ್ಬಿಣ ತೆಳ್ಳಗಾದಷ್ಟೂ ಅದು ಬೇಗ ಕಾಯುತ್ತದೆ, ಬಿರುಕು ಬೆಳೆಯುತ್ತದೆ. ಈ ಗಾಡಿಯಲ್ಲಿ ನನ್ನ ಮಗಳೂ ಕೂರುತ್ತಾಳೆ.

ಅವರು ಕಳಿಸಿದ ಪ್ಯಾಡ್ ನೋಡಿದೆ. ಹಿಂಬದಿಯ ತಗಡು, ಅಂಚು, ಎಲ್ಲಾ ಬೋಳು. ನಾನು ತೆಗೆದ ಹಳೆಯ ಪ್ಯಾಡ್ ಮೇಲೆ ಪರೀಕ್ಷೆ ಪಾಸಾಗಿದೆ ಅಂತ ಹೇಳುವ, ವೃತ್ತದೊಳಗಿನ ‘E’ ಗುರುತು, ‘90R’ ಅಂತ ಶುರುವಾಗುವ ನಂಬರ್, ಹಿಡಿತ ಎಷ್ಟು ಅಂತ ಹೇಳುವ ‘ಎಫ್‌ಎಫ್’ ಅಕ್ಷರ, ಎಲ್ಲಾ ಇವೆ. ಇದರಲ್ಲಿ ಒಂದೂ ಇಲ್ಲ.

ಇನ್ನು ಮಾರಿದವರ ಉತ್ತರಗಳು. ಫೋಟೋ ಎಲ್ಲಾ ಕಳಿಸಿದೆ. ಮೊದಲ ಉತ್ತರ, "ಅದು ಕೋಟಿಂಗ್ ಸರ್, ಎಲ್ಲಾ ಡಿಸ್ಕ್‌ಗೂ ಇರುತ್ತೆ." ನಿಜವಾದ ಕೋಟಿಂಗ್ ಹೀಗೆ ಹಾಲಿನಂತೆ ಸೋರಲ್ಲ ಅಂದೆ. "ನಿಮ್ಮ ಮೈಕ್ರೋಮೀಟರ್ ಸರಿ ಇಲ್ಲ." ನನ್ನ ಹಳೆಯ ಡಿಸ್ಕ್ ಅಳೆದ ಫೋಟೋನೂ ಕಳಿಸಿದೆ. "ಒಂದು ಸಲ ಹಾಕಿ ಓಡಿಸಿ ನೋಡಿ ಸರ್, ಪ್ರಾಬ್ಲಮ್ ಬಂದ್ರೆ ಹೇಳಿ." ಓಡಿಸಿ ನೋಡಬೇಕಂತೆ! ಬಿರುಕು ಬಿಟ್ಟ ಡಿಸ್ಕ್ ಹಾಕಿಕೊಂಡು ಓಡಿಸಿ ನೋಡಬೇಕಂತೆ. ಪ್ರಾಬ್ಲಮ್ ಬಂದ ಮೇಲೆ ಹೇಳೋಕೆ ನಾನು ಇರಬೇಕಲ್ಲ.

ಫೋನ್ ಮಾಡಿದೆ. ದನಿ ಬದಲಾಗಿತ್ತು. "ಯಾವ ಗ್ಯಾರೇಜ್‌ನಲ್ಲಿ ಹಾಕಿಸಿದ್ರಿ? ಬಿಲ್ ಕಳಿಸಿ." ಮನೆಯಲ್ಲೇ ಮಾಡ್ತಿದ್ದೀನಿ ಅಂದೆ. "ಹಾಗಾದ್ರೆ ವಾರಂಟಿ ಇಲ್ಲ ಸರ್. ನೀವೇ ಕೆಡಿಸಿರಬಹುದು." ಅಲ್ಲಿ ನನಗೆ ಮಾತೇ ಹೊರಡಲಿಲ್ಲ. ಚಕ್ರ ಕೂತ ಗುರುತನ್ನು ನಾನು ಮನೆಯಲ್ಲಿ ಮಾಡಿದೆನಾ? ತೂತಿನೊಳಗೆ ಪುಡಿ ತುಂಬಿದೆನಾ? ವಾಪಸ್ ಕಳಿಸುವ ಗಡುವು ಬೇರೆ ಮುಗಿದಿತ್ತು, ಮೂರು ವಾರ ಬಾಕ್ಸ್ ಮುಚ್ಚಿಟ್ಟಿದ್ದಕ್ಕೆ. ಅದು ಅವರಿಗೂ ಗೊತ್ತು. ಮನೆಯಲ್ಲೇ ಕೆಲಸ ಮಾಡುವವರ ಹತ್ತಿರ ಗ್ಯಾರೇಜ್ ಬಿಲ್ ಇರಲ್ಲ ಅನ್ನೋದೂ ಅವರಿಗೆ ಚೆನ್ನಾಗಿ ಗೊತ್ತು. ನಮ್ಮಂಥವರನ್ನು ನೋಡಿಯೇ ಟೋಪಿ ಹಾಕುತ್ತಾರೆ. ಕೊನೆಯ ಮೆಸೇಜ್, "ಸೇಲ್ ಕ್ಲೋಸ್ ಆಗಿದೆ." ಆಮೇಲೆ ಬ್ಲಾಕ್.

ಹನ್ನೊಂದು ದಿನದಿಂದ ಗಾಡಿ ಸ್ಟ್ಯಾಂಡ್ ಮೇಲೆ ನಿಂತಿದೆ. ಹಳೆಯ ಡಿಸ್ಕ್ ವಾಪಸ್ ಹಾಕುವಂತಿಲ್ಲ. ಬ್ಯಾಂಕ್‌ಗೆ ದೂರು ಕೊಟ್ಟಿದ್ದೇನೆ, ಫೋಟೋಗಳ ಜೊತೆ.

ನೀವು ಮಾಡಬೇಕಾದ್ದು ಇಷ್ಟು. ಬಾಕ್ಸ್ ಬಿಚ್ಚುವಾಗಲೇ ವಿಡಿಯೋ ಮಾಡಿ. ಮೈಕ್ರೋಮೀಟರ್ ಇಲ್ಲದಿದ್ದರೆ ವರ್ನಿಯರ್ ಸಾಕು, ಒಂದೂವರೆ ಮಿ.ಮೀ. ವ್ಯತ್ಯಾಸ ಅದರಲ್ಲೂ ಕಾಣುತ್ತದೆ. ಕ್ಲೀನರ್ ಹೊಡೆದು ಬಿಳಿ ಬಟ್ಟೆಯಲ್ಲಿ ಒರೆಸಿ. ಇದೆಲ್ಲಾ ಆಗುವವರೆಗೆ ಹಳೆಯ ಡಿಸ್ಕ್ ಮುಟ್ಟಲೇಬೇಡಿ, ಚಕ್ರ ಕೂಡ ಬಿಚ್ಚಬೇಡಿ. "ಹಾಕಿ ನೋಡಿ" ಅಂದವರಿಗೆ ಒಂದೇ ಮಾತು, ದುಡ್ಡು ವಾಪಸ್ ಕೊಡಿ ಅನ್ನಿ.

ಹೀಗೇ ಎಲ್ಲಿಂದಲೋ ತರಿಸಿದ ಡಿಸ್ಕ್ ಆಗಲೇ ಹಾಕಿಕೊಂಡು ಓಡಿಸುತ್ತಿದ್ದರೆ, ಇವತ್ತೇ ಒಂದು ಚಕ್ರ ಬಿಚ್ಚಿ ಟಾರ್ಚ್ ಹಿಡಿದು ತೂತುಗಳ ಅಂಚು ನೋಡಿ.