ತುರ್ತು ಹೊತ್ತಲ್ಲಿ ಸಕಲೇಶಪುರವೋ, ಹಾಸನವೋ?

ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ, ತುರ್ತಾದರೆ ಊರು ಸಕಲೇಶಪುರದ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆಗೋ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್‌ಗೋ, ಖಾಸಗಿಗೋ ಎಂದು ಕೇಳಿದ್ದೀರಿ.

ಮೊದಲು ನೋಡಬೇಕಾದ್ದು ಸಮಯ. ಹಾಸನ ಸುಮಾರು 40 ಕಿ.ಮೀ. ದೂರ. ಹಾವು ಕಡಿದರೆ, ರಕ್ತ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಹತ್ತಿರದ ಕ್ರಾಫರ್ಡೇ ಸರಿ. ಎದೆನೋವಿಗೂ ಮೊದಲ ಇಸಿಜಿ ಅಲ್ಲೇ ಆಗಲಿ. ಬೇಕಾದರೆ 108 ಆಂಬ್ಯುಲೆನ್ಸಲ್ಲಿ ಮುಂದೆ ಕಳಿಸುತ್ತಾರೆ.

ಪಾರ್ಶ್ವವಾಯುವಿನ ಲೆಕ್ಕ ಬೇರೆ. ಮಾತು ತೊದಲಿತು, ಒಂದು ಕೈ ಸೋತಿತು ಅಂದರೆ ಸಿಟಿ ಸ್ಕ್ಯಾನ್ ಬೇಕೇ ಬೇಕು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಸ್ಕ್ಯಾನ್ ಈಗಲೇ ಆಗುತ್ತಾ ಎಂದು ಫೋನಲ್ಲಿ ಕೇಳುತ್ತಲೇ ಹಾಸನಕ್ಕೆ ಹೊರಡಿ.

ಹಿಮ್ಸ್‌ನಲ್ಲಿ ಜನ ಜಾಸ್ತಿ. ಆದರೆ ತುರ್ತು ವಿಭಾಗದಲ್ಲಿ ಬಂದ ಸಾಲಿನಂತೆ ನೋಡುವುದಿಲ್ಲ. ಜೀವಕ್ಕೆ ಅಪಾಯ ಇರುವವರು ಮೊದಲು. ಬೆರಳು ಮುರಿದವರು ಕಾಯಬೇಕಾಗುತ್ತದೆ, ಅದು ಅಸಡ್ಡೆ ಅಲ್ಲ. ಸಣ್ಣ ಗಾಯಕ್ಕೆ, ಕೈಯಲ್ಲಿ ದುಡ್ಡಿದ್ದರೆ, ಖಾಸಗಿ ಸುಲಭ. ರಾತ್ರಿ ತಜ್ಞರು ಇರುತ್ತಾರಾ ಅಂತ ಮಾತ್ರ ವಿಚಾರಿಸಿ.

ಖರ್ಚು ಸರ್ಕಾರಿಯಲ್ಲೇ ಕಡಿಮೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಖಾಸಗಿಯವರೂ ಮುಂಗಡ ಕಟ್ಟಿಲ್ಲ ಎಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ರೇಷನ್ ಕಾರ್ಡ್, ಆಧಾರ್, ಹಳೇ ಚೀಟಿ, ನಿತ್ಯದ ಮಾತ್ರೆ ಇವತ್ತೇ ಒಂದು ಚೀಲದಲ್ಲಿ ಹಾಕಿಡಿ.