ದೋಣಿಗೆ ನಾಲ್ಕು ಲಿಥಿಯಂ ಬ್ಯಾಟರಿ: ಮೂರನೇ ಬೇಸಿಗೆಯಲ್ಲಿ ನನ್ನ ಅಭಿಪ್ರಾಯ

ಮೋಟರ್ ಬಗ್ಗೆ ನನಗೇನೂ ದೂರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಯಾಟಲ್‌ನ ಲೇಕ್ ಯೂನಿಯನ್‌ನಲ್ಲಿ ಕಟ್ಟಿಹಾಕಿರುವ ನನ್ನ ಹಳೆಯ ಕ್ಯಾಟಲೀನಾ 22 ಹಾಯಿದೋಣಿಯಿಂದ ಪೆಟ್ರೋಲ್ ಎಂಜಿನ್ ಕಳಚಿ, ಅದೇ ಬ್ರ್ಯಾಕೆಟ್ಟಿಗೆ 48 ವೋಲ್ಟಿನ, 3 ಕಿಲೋವ್ಯಾಟಿನ ಎಲೆಕ್ಟ್ರಿಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತಗುಲಿಸುವ ಮೋಟರ್) ಕೂರಿಸಿದ್ದೇನೆ. ಅದರ ತೂಕ, ಉದ್ದ, ಬೆಲೆಯ ಮಾತು ಇಲ್ಲಿ ಬೇಡ. ನಾನು ಬರೆಯಲು ಕೂತದ್ದು ಅದಕ್ಕೆ ಕರೆಂಟ್ ಕೊಡುವ ಬ್ಯಾಟರಿಗಳ ವಿಷಯ.

ತಲಾ 12.8 ವೋಲ್ಟ್, 100 ಆಂಪಿಯರ್-ಅವರ್. ನಾಲ್ಕನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸಾಲಾಗಿ, ಜೋಡಿಸಿದರೆ 51.2 ವೋಲ್ಟ್ (ರೂಢಿಯಲ್ಲಿ ಇದನ್ನೇ 48 ಎನ್ನುವುದು), 5 ಕಿಲೋವ್ಯಾಟ್-ಅವರ್‌ಗಿಂತ ತುಸು ಹೆಚ್ಚು. ಆನ್‌ಲೈನಿನ ಅಗ್ಗದ ಮಾಲು. ಒಂದೇ ಪೆಟ್ಟಿಗೆಯ 48 ವೋಲ್ಟ್ ಬ್ಯಾಟರಿಯೂ ಹೆಚ್ಚುಕಡಿಮೆ ಅದೇ ಬೆಲೆಗೆ ಸಿಗುತ್ತಿತ್ತು. ಆದರೆ ಅಷ್ಟು ಭಾರದ್ದನ್ನು ಕಾಕ್‌ಪಿಟ್ ಲಾಕರಿನೊಳಗೆ ಬಾಗಿ ಒಬ್ಬನೇ ಇಳಿಸುವುದು ನನ್ನ ಬೆನ್ನಿಗೆ ಆಗುವ ಮಾತಲ್ಲ. ನಾಲ್ಕಾದರೆ ಎಡಕ್ಕೆರಡು, ಬಲಕ್ಕೆರಡು. ದೋಣಿಯೂ ಒಂದು ಕಡೆಗೆ ವಾಲುವುದಿಲ್ಲ.

48 ವೋಲ್ಟೇ ಏಕೆಂದರೆ, 2 ಕಿಲೋವ್ಯಾಟ್ ಬೇಕಾದಾಗ 12 ವೋಲ್ಟಿನಲ್ಲಿ 160 ಆಂಪಿಯರ್ ದಾಟುತ್ತದೆ, ಇಲ್ಲಿ 40ರ ಆಸುಪಾಸಿನಲ್ಲಿ ಮುಗಿಯುತ್ತದೆ. ತಂತಿ ಸಣ್ಣದಾದರೂ ನಡೆಯುತ್ತದೆ. ಆದರೂ ನಾನು ತವರ ಲೇಪಿಸಿದ 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲನ್ನೇ ಹಾಕಿ, ಪಾಸಿಟಿವ್ ಟರ್ಮಿನಲ್ಲಿಗೆ ಗೇಣುದ್ದದೊಳಗೆ ಕ್ಲಾಸ್-ಟಿ ಫ್ಯೂಸ್ ಕೂರಿಸಿದೆ. ಲಿಥಿಯಂ ಶಾರ್ಟ್ ಆದರೆ ಹರಿಯುವ ಕರೆಂಟನ್ನು ಸಾಧಾರಣ ಫ್ಯೂಸ್ ತಡೆಯಲಾರದು. ಇಲ್ಲಿ ಕಾಸು ಉಳಿಸಲು ಹೋಗಬೇಡಿ.

ಹೊರಡುವ ಕ್ರಮ ಈಗ ಕೈಗೆ ರೂಢಿಯಾಗಿದೆ. ಲಾಕರ್ ತೆರೆದು ಟರ್ಮಿನಲ್‌ಗಳನ್ನು ಬೆರಳಿಂದ ಒಮ್ಮೆ ಅಲುಗಿಸಿ ನೋಡುತ್ತೇನೆ. ಬ್ಯಾಟರಿ ಸಾಲಿಗೆ ಒಳಹೋದ, ಹೊರಬಂದ ಕರೆಂಟನ್ನು ಎಣಿಸಿ ಎಷ್ಟು ಉಳಿದಿದೆ ಎಂದು ಹೇಳುವ ಶಂಟ್ ಮೀಟರ್ ಮೊಬೈಲಿನಲ್ಲಿ ಎಷ್ಟು ತೋರಿಸುತ್ತಿದೆ ನೋಡುತ್ತೇನೆ. ಆಮೇಲೆ ಚಿಕ್ಕ ಕಪ್ಪು ಗುಂಡಿ ಒತ್ತಿ ಹಿಡಿದು ಒಂದು, ಎರಡು, ಮೂರು ಎಣಿಸುತ್ತೇನೆ. ಅಷ್ಟರಲ್ಲಿ ಒಂದು ರೆಸಿಸ್ಟರ್ ಮೂಲಕ ಮೋಟರಿನ ಕಂಟ್ರೋಲರ್‌ನಲ್ಲಿರುವ ಕೆಪ್ಯಾಸಿಟರ್‌ಗಳು ನಿಧಾನಕ್ಕೆ ತುಂಬಿಕೊಳ್ಳುತ್ತವೆ. ಕೆಂಪು ಮೇನ್ ಸ್ವಿಚ್ ತಿರುಗಿಸುವುದು ಆಮೇಲೆಯೇ. ಈ ಗುಂಡಿ ಇಲ್ಲದೆ ನೇರ ಸ್ವಿಚ್ ಹಾಕಿದರೆ ಒಳಗೆ ಚಟ್ ಎಂದು ಕಿಡಿ ಹಾರುತ್ತದೆ, ಬ್ಯಾಟರಿಯ ಬಿಎಂಎಸ್ (ಒಳಗೇ ಇರುವ ಕಾವಲು ಸರ್ಕ್ಯೂಟ್) ಅದನ್ನು ಶಾರ್ಟ್ ಎಂದೇ ತಿಳಿದು ಎಲ್ಲವನ್ನೂ ಬಂದ್ ಮಾಡುವುದೂ ಉಂಟು.

ಹೋದ ವರ್ಷ ಗಂಗೊಳ್ಳಿಯಿಂದ ಮಾವ ಬಂದಿದ್ದರು. ಯಾಂತ್ರಿಕ ದೋಣಿಗಳ ಸದ್ದಿನಲ್ಲೇ ಬೆಳೆದವರು. ಜೆಟ್ಟಿ ಬಿಟ್ಟು ಗ್ಯಾಸ್ ವರ್ಕ್ಸ್ ಪಾರ್ಕಿನ ಎದುರು ಬಂದಿದ್ದೆವು, ಆಗ "ಇನ್ನೂ ಸ್ಟಾರ್ಟ್ ಮಾಡ್ಲಿಲ್ಯಾ?" ಎಂದು ಕೇಳಿದರು. ಆ ಒಂದು ಪ್ರಶ್ನೆಗೇ ಖರ್ಚು ಮಾಡಿದ ದುಡ್ಡೆಲ್ಲ ವಸೂಲಾಯಿತು ಅನ್ನಿಸಿತ್ತು.

ಆದರೆ ಬ್ಯಾಟರಿಗಳು ಕೈಕೊಟ್ಟದ್ದೂ ಅದೇ ಬೇಸಿಗೆ. ಸಂಜೆ ಗಾಳಿ ಬಿದ್ದಮೇಲೆ ಲೇಕ್ ವಾಷಿಂಗ್ಟನ್‌ನಿಂದ ಮರಳುತ್ತಿದ್ದೆ. ಮಾಂಟ್ಲೇಕ್ ಕಟ್ ಎಂಬ ಇಕ್ಕಟ್ಟಾದ ಕಾಲುವೆಯ ನಡುವೆ ಮೋಟರ್ ಸತ್ತಿತು. ಹಿಂದಿನಿಂದ ವಿಶ್ವವಿದ್ಯಾಲಯದ ಹುಟ್ಟುದೋಣಿ ಬರುತ್ತಿದೆ, ಕಾಂಕ್ರೀಟ್ ಗೋಡೆ ಹತ್ತಿರವಾಗುತ್ತಿದೆ, ಮೊಬೈಲಿನಲ್ಲಿ ಮೀಟರ್ ಮಾತ್ರ ಇನ್ನೂ ಮೂವತ್ತು ಪರ್ಸೆಂಟ್ ಉಳಿದಿದೆ ಎನ್ನುತ್ತಿದೆ! ಪ್ಯಾಡಲ್ ಹಾಕಿ ಹೇಗೋ ದಾಟಿಸಿದೆ.

ಮೀಟರ್ ಸುಳ್ಳು ಹೇಳಿರಲಿಲ್ಲ. ನಾಲ್ಕೂ ಬ್ಯಾಟರಿಗೆ ಒಳಗೆ ತಂತಮ್ಮ ಬಿಎಂಎಸ್ ಇದೆ, ಒಂದರ ಸ್ಥಿತಿ ಇನ್ನೊಂದಕ್ಕೆ ಗೊತ್ತಿಲ್ಲ. ಪಂಕ್ತಿ ಊಟದಲ್ಲಿ ಒಬ್ಬ ಎದ್ದರೆ ಉಳಿದವರೂ ಎಲೆ ಬಿಟ್ಟೇಳುವ ಹಾಗೆ ಇಲ್ಲಿನ ಸ್ಥಿತಿ. 48 ವೋಲ್ಟಿನ ಒಂದೇ ಚಾರ್ಜರ್ ಹಚ್ಚಿದಾಗ ಮೊದಲು ತುಂಬಿದ ಬ್ಯಾಟರಿ ಬಾಗಿಲು ಹಾಕಿಕೊಂಡರೆ ಇಡೀ ಸಾಲಿಗೆ ಚಾರ್ಜಿಂಗ್ ನಿಲ್ಲುತ್ತದೆ, ಉಳಿದವು ಅರೆಹೊಟ್ಟೆ. ದೋಣಿ ಓಡುವಾಗ ಆ ಅರೆಹೊಟ್ಟೆಯದು ಮೊದಲು ಖಾಲಿಯಾಗಿ ಎಲ್ಲವನ್ನೂ ನಿಲ್ಲಿಸುತ್ತದೆ. ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತದೆ. ವೋಲ್ಟ್ ಮೀಟರ್ ಹಿಡಿದರೂ ಸುಲಭಕ್ಕೆ ಗೊತ್ತಾಗದು, ಏಕೆಂದರೆ ಈ ಬಗೆಯ ಲಿಥಿಯಂ ನಡುವಿನ ಹಂತದುದ್ದಕ್ಕೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸುತ್ತದೆ.

ದೀಪ, ರೇಡಿಯೋಗಳಿಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದರೆ ಹೀಗಾಗುವುದು ಸಹಜ. ಆದರೆ ನಾನು ಅವುಗಳಿಗೆ ಮೊದಲಿಂದಲೂ ಇಡೀ ಸಾಲಿನ 48 ವೋಲ್ಟನ್ನು 12ಕ್ಕೆ ಇಳಿಸುವ ಬೇರೆ ಕನ್ವರ್ಟರ್ ಇಟ್ಟಿದ್ದೇನೆ. ಮಾರಿದವರಿಗೆ ಬರೆದರೆ "ನಾಲ್ಕರವರೆಗೆ ಸೀರೀಸ್ ಮಾಡಬಹುದು" ಎಂದು ಜಾಹೀರಾತಿನ ಸಾಲನ್ನೇ ತಿರುಗಿ ಕಳಿಸಿದರು. ಮಾಡಬಹುದು ಸ್ವಾಮಿ, ಆಮೇಲೆ ಸಮ ಮಾಡುವವರು ಯಾರು?

ಪರಿಹಾರ ಕೊನೆಗೆ ಸರಳವಾಗಿತ್ತು, ದುಬಾರಿಯಾಗಿತ್ತು. 48 ವೋಲ್ಟಿನ ಚಾರ್ಜರ್ ತೆಗೆದುಹಾಕಿ, ಪ್ರತಿ ಬ್ಯಾಟರಿಗೂ ಒಂದರಂತೆ ಔಟ್‌ಪುಟ್ ಪ್ರತ್ಯೇಕವಾಗಿರುವ ನಾಲ್ಕು ಲಿಥಿಯಂ ಚಾರ್ಜರ್ ಹಾಕಿದೆ. ಜೆಟ್ಟಿಯ ಪ್ಲಗ್ಗಿಗೆ ಸಿಕ್ಕಿಸಿ ಹೋದರೆ ಪ್ರತಿಯೊಂದೂ ತನ್ನ ಪಾಡಿಗೆ ಪೂರ್ತಿ ತುಂಬುತ್ತದೆ. ಅಂದಿನಿಂದ ಮೀಟರ್ ಇಷ್ಟಿದೆ ಎಂದರೆ ಅಷ್ಟೂ ಸಿಗುತ್ತಿದೆ. ನಾಲ್ಕು ಹಸಿರು ದೀಪ ಒಂದೊಂದಾಗಿ ಹತ್ತುವುದನ್ನು ಕಾಯುತ್ತಾ ಫ್ಲಾಸ್ಕಿನ ಕಾಫಿ ಮುಗಿಸುವ ಅಭ್ಯಾಸವೂ ಆಗಿದೆ, ಸಿಟ್ಟು ಅರ್ಧ ಇಳಿದಿದೆ.

ಓಟದ ಲೆಕ್ಕ ಬೇಕಾದವರಿಗೆ: ನನ್ನ ದೋಣಿಯಲ್ಲಿ ಗಾಳಿಯಿಲ್ಲದ ನೀರಿನ ಮೇಲೆ 500 ವ್ಯಾಟಿಗೆ ಸುಮಾರು 3 ನಾಟ್ ವೇಗ (ಗಂಟೆಗೆ ಐದೂವರೆ ಕಿಲೋಮೀಟರ್), 2 ಕಿಲೋವ್ಯಾಟಿಗೆ 5ರ ಹತ್ತಿರ. ಐದನೇ ಒಂದು ಭಾಗ ಮೀಸಲಿಟ್ಟರೆ ಮೊದಲಿನದಕ್ಕೆ ಎಂಟು ಗಂಟೆ, ಎರಡನೆಯದಕ್ಕೆ ಎರಡೇ ಗಂಟೆ. ಅವಸರದವರು ಪೆಟ್ರೋಲಿನಲ್ಲೇ ಇರಿ. ಶೂನ್ಯ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗಳನ್ನು ಚಾರ್ಜ್ ಮಾಡಬಾರದು, ಆದ್ದರಿಂದ ಇಲ್ಲಿ ಅಪರೂಪಕ್ಕೆ ಹಿಮ ಕಟ್ಟುವ ವಾರದಲ್ಲಿ ಪ್ಲಗ್ ಕಿತ್ತಿಡುತ್ತೇನೆ.

ಬೆನ್ನು ಗಟ್ಟಿಯಿರುವವರು ಒಂದೇ ಪೆಟ್ಟಿಗೆಯದನ್ನು ಕೊಳ್ಳಿ. ನಾಲ್ಕೇ ಬೇಕೆಂದರೆ ಬೆಲೆ ಹೋಲಿಸುವಾಗ ನಾಲ್ಕು ಚಾರ್ಜರ್‌ಗಳ ದುಡ್ಡನ್ನೂ ಕೂಡಿಸಿಕೊಳ್ಳಿ. ಬ್ಯಾಟರಿಗೆ ಐದರಲ್ಲಿ ಮೂರು ಸ್ಟಾರ್, ಮಾರಿದವರ ಉತ್ತರಕ್ಕೆ ಒಂದೂ ಇಲ್ಲ.