ಶಿರಸಿಯ ಚಳಿಗೆ ತಳ್ಳುಗಾಡಿಯ ಬೆಚ್ಚನೆಯ ಚೀಲ: ಎರಡು ಚಳಿಗಾಲ ಬಳಸಿದವರ ಅಭಿಪ್ರಾಯ

ಫುಟ್‌ಮಫ್ ಎಂಬ ಹೆಸರಿನಲ್ಲಿ ಮಾರಾಟವಾಗುವ, ಮಗುವಿನ ತಳ್ಳುಗಾಡಿಯೊಳಗೆ ಹಾಸಿ ಜಿಪ್ ಎಳೆಯುವ ಬೆಚ್ಚನೆಯ ಚೀಲವನ್ನು ನಮ್ಮ ಮಗಳಿಗೆ ಮೂರು ತಿಂಗಳು ತುಂಬಿದಾಗ ಆನ್‌ಲೈನಿನಲ್ಲಿ ತರಿಸಿಕೊಂಡೆವು. ಈಗ ಅವಳ ಎರಡನೆಯ ಚಳಿಗಾಲವೂ ಮುಗಿಯುತ್ತ ಬಂದಿದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಇದಕ್ಕೆ ಹಣ ಹಾಕಬಹುದು, ಕಾರವಾರ, ಅಂಕೋಲಾ, ಕುಮಟಾದವರು ಹಾಕಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವ ಶಿರಸಿಯಲ್ಲಿ, ಜನವರಿಯ ಬೆಳಗಿನ ಹೊತ್ತು ದೇವಿಕೆರೆಯ ಸುತ್ತ ಮಂಜು ಕವಿದಿರುವಾಗ, ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಕಾರವಾರದಲ್ಲಿ ಅದೇ ತಿಂಗಳ ಮಧ್ಯಾಹ್ನ 30 ಡಿಗ್ರಿ ದಾಟುವುದು ಸಾಮಾನ್ಯ. ಅಲ್ಲಿಯ ಬೆಳಗಿನ ತಂಪಿಗೆ ಒಂದು ತೆಳು ಹತ್ತಿಯ ಹೊದಿಕೆ ಸಾಕು.

ಗಾಡಿ ತಳ್ಳುವವರು ನಡೆಯುತ್ತಿರುವುದರಿಂದ ಸ್ವಲ್ಪ ಹೊತ್ತಿನಲ್ಲೇ ಅವರ ಮೈ ಬಿಸಿಯಾಗುತ್ತದೆ, ಆದರೆ ಗಾಡಿಯೊಳಗಿನ ಕೂಸು ಅಲುಗಾಡದೆ ಮಲಗಿರುತ್ತದೆ. ಮೈಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಎಳೆಯ ಮಕ್ಕಳಲ್ಲಿ ಕಡಿಮೆ ಇರುವುದರಿಂದ, ನಮಗಾಗುವ ಸೆಕೆಯನ್ನು ನಂಬಿ ಅವರ ಚಳಿಯನ್ನು ಅಳೆಯಲು ಬರುವುದಿಲ್ಲ. ಮೇಲೆ ಎಷ್ಟೇ ಹೊದಿಸಿದರೂ ತಳದಿಂದ ಚಳಿ ಏರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಗಾಡಿಯ ಆಸನವೆಂದರೆ ತೆಳುವಾದ ಬಟ್ಟೆ, ಅದರ ಕೆಳಗೆ ಗಾಳಿ ಆಡುತ್ತಿರುತ್ತದೆ. ನಮ್ಮ ಚೀಲದ ಬೆನ್ನಭಾಗದಲ್ಲಿ ಒತ್ತಾದ ಉಣ್ಣೆಯ ಪದರವಿದ್ದು, ಅದೇ ಇದರ ನಿಜವಾದ ಬೆಲೆ ಎಂದು ನನಗೆ ಅನ್ನಿಸಿದೆ. ಉಬ್ಬಿದ ಮೆತ್ತನೆಯ ಹತ್ತಿ ತುಂಬಿದ ಚೀಲಗಳು ನೋಡಲು ದಪ್ಪ, ಆದರೆ ಮಗುವಿನ ಭಾರಕ್ಕೆ ಅಮುಕಿ ಒಳಗಿನ ಗಾಳಿ ಹೊರಟುಹೋದರೆ ಬೆನ್ನಿಗೆ ಬಿಸಿ ಉಳಿಯುವುದಿಲ್ಲ. ಕೊಳ್ಳುವ ಮುಂಚೆ ತಳದ ಪದರವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಬೇಕು.

ಗಾಡಿಯ ಐದು ಕಡೆಯ ಬೆಲ್ಟ್ ಚೀಲದ ಬೆನ್ನಿನ ಸೀಳುಗಳಿಂದ ಒಳಗೆ ಬಂದು ಮಗುವಿನ ಮೈಗೇ ನೇರವಾಗಿ ಕೂರುತ್ತದೆ, ಅದರ ಮೇಲೆ ಚೀಲದ ಮುಂಭಾಗ ಮುಚ್ಚಿಕೊಳ್ಳುತ್ತದೆ. ಸಡಿಲವಾಗಿ ಹೊದಿಸಿದ ಶಾಲು ಕಾಲಿನ ಒದೆತಕ್ಕೆ ಜಾರಿ ಚಕ್ರಕ್ಕೆ ಸಿಕ್ಕಿಕೊಳ್ಳುವ ಅಥವಾ ಮುಖದ ಮೇಲೆ ಬರುವ ಭಯ ಇಲ್ಲಿಲ್ಲ. ಜಿಪ್ಪಿನ ತುದಿ ಗಲ್ಲಕ್ಕೆ ತಾಗದಂತೆ ಒಂದು ಪುಟ್ಟ ಬಟ್ಟೆಯ ಮಡಿಕೆ ಹೊಲಿದಿದ್ದಾರೆ. ಎರಡು ಚಳಿಗಾಲ ಕಳೆದರೂ ಮಗಳ ಗಲ್ಲದಲ್ಲಿ ಒಂದು ಕೆಂಪು ಗೀರು ಕಂಡಿಲ್ಲ, ಇದನ್ನು ಮಾಡಿದವರ ಕಾಳಜಿಯನ್ನು ಮೆಚ್ಚಲೇಬೇಕು. ಸೀಳುಗಳ ಎತ್ತರ ಮಾತ್ರ ಸರಿಯಾಗಿಲ್ಲ. ಅವು ದೊಡ್ಡ ಮಕ್ಕಳ ಭುಜಕ್ಕೆ ಹೊಂದುತ್ತವೆ, ಮೂರು ತಿಂಗಳ ಕೂಸಿಗೆ ಬೆಲ್ಟ್ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ನಮ್ಮ ದರ್ಜಿಯವರ ಕೈಯಲ್ಲಿ ಕೆಳಗೆ ಇನ್ನೊಂದು ಜೋಡಿ ಸೀಳು ಮಾಡಿಸಿ ಅಂಚು ಹೊಲಿಸಿಕೊಂಡೆವು.

ಬೆಚ್ಚಗೆ ಮಾಡುವಷ್ಟೇ ಬೇಗ ಬಿಚ್ಚಲು ಬರಬೇಕು ಎಂಬುದೇ ನಾನು ಇಂಥ ಚೀಲದಲ್ಲಿ ಮೊದಲು ನೋಡುವ ಗುಣ. ಬೆಳಗಿನ ಚಳಿಯಲ್ಲಿ ಶಿರಸಿ ಬಿಟ್ಟು ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವಷ್ಟರಲ್ಲಿ ಹವೆಯೇ ಬೇರೆಯಾಗಿರುತ್ತದೆ. ಈ ಚೀಲದ ಮುಂಭಾಗವನ್ನು ಪೂರ್ತಿ ಕಳಚಿ, ಬೆನ್ನಿನ ಹಾಸನ್ನು ಮಾತ್ರ ಉಳಿಸಿಕೊಳ್ಳಬಹುದು. ಅದಕ್ಕೆ ಮಲಗಿದ ಮಗುವನ್ನು ಎಬ್ಬಿಸಬೇಕಾಗಿಲ್ಲ. ಕಾರಿನೊಳಗೆ ಮಾತ್ರ ಇದನ್ನು ಬಳಸಬಾರದು. ಕಾರ್ ಸೀಟಿನ ಬೆಲ್ಟಿಗೂ ಮಗುವಿನ ಮೈಗೂ ನಡುವೆ ದಪ್ಪ ಬಟ್ಟೆಯಿದ್ದರೆ, ಡಿಕ್ಕಿಯ ಹೊತ್ತಿನಲ್ಲಿ ಅದು ಅಮುಕಿ ಬೆಲ್ಟ್ ಸಡಿಲವಾಗುತ್ತದೆ.

ಮೊದಲ ಚಳಿಗಾಲದಲ್ಲಿ ನಮ್ಮ ಅತ್ತೆಯವರು ಮಗುವಿನ ಬೆರಳು ಮುಟ್ಟಿ, "ಕೂಸಿನ ಕೈ ತಣ್ಣಗಾಜು, ಇನ್ನೊಂದು ಸ್ವೆಟರ್ ಹಾಕು" ಎನ್ನುತ್ತಿದ್ದರು. ಅವರ ಅಕ್ಕರೆ ದೊಡ್ಡದು, ಆದರೆ ಎಳೆಯ ಮಕ್ಕಳ ಕೈಕಾಲು ತಣ್ಣಗಿರುವುದು ಸಹಜ. ಕುತ್ತಿಗೆಯ ಹಿಂಭಾಗ ಅಥವಾ ಎದೆಯನ್ನು ಮುಟ್ಟಿ ನೋಡಬೇಕು: ಅಲ್ಲಿ ಬೆಚ್ಚಗಿದ್ದು ಒಣಗಿದ್ದರೆ ಸರಿ, ಬೆವರಿನ ತೇವ ಕೈಗೆ ಹತ್ತಿದರೆ ಒಂದು ಪದರ ತೆಗೆಯಬೇಕು. ಅತ್ತೆಯವರೇ ಈಗ ಕುಲಾವಿಯ ಕೆಳಗೆ ಬೆರಳು ತೂರಿಸಿ ನೋಡಿ ನನಗೆ ಹೇಳುತ್ತಾರೆ. ಅತಿಯಾದ ಬಿಸಿ ನಿದ್ದೆಯಲ್ಲಿರುವ ಶಿಶುಗಳ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂದು ವೈದ್ಯರು ಎಚ್ಚರಿಸುತ್ತಾರೆ. ಆದ್ದರಿಂದ ಅಂಗಡಿಯೊಳಗೆ ಅಥವಾ ಮನೆಗೆ ಬಂದ ಕೂಡಲೇ, ಮಗು ಎಚ್ಚರಗೊಂಡರೂ ಸರಿ, ಜಿಪ್ ಇಳಿಸಿ ಕುಲಾವಿ ತೆಗೆಯಬೇಕು. ಬಿಸಿಲು ಬೀಳುತ್ತದೆಂದು ಗಾಡಿಯ ಮುಂದೆ ಬಟ್ಟೆ ಇಳಿಬಿಡುವುದಂತೂ ಬೇಡವೇ ಬೇಡ, ಒಳಗೆ ಗಾಳಿಯಾಡದೆ ಕಾವು ಏರುತ್ತದೆ.

ಚೀಲದ ಮೇಲೆ 2.5 ಟಾಗ್ ಎಂದು ಬರೆದಿದೆ. ಬಟ್ಟೆ ಎಷ್ಟು ಬಿಸಿ ತಡೆಯುತ್ತದೆ ಎಂಬುದರ ಅಳತೆಯಿದು, 1940ರ ದಶಕದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಸಂಸ್ಥೆಯಲ್ಲಿ ರೂಪುಗೊಂಡದ್ದು. ಮಲಗುವ ಚೀಲಗಳಲ್ಲಿ 2.5 ಟಾಗ್ ಎಂದರೆ ಸಾಮಾನ್ಯವಾಗಿ 16ರಿಂದ 20 ಡಿಗ್ರಿಯ ಕೋಣೆಗೆ ಎಂದು ಲೆಕ್ಕ. ಶಿರಸಿಯ ಬೆಳಗಿಗೆ ಅದರೊಳಗೆ ಒಂದು ಹತ್ತಿಯ ಅಂಗಿ, ಒಂದು ತೆಳು ಸ್ವೆಟರ್ ಹಾಕಿದರೆ ಸರಿಹೋಗುತ್ತದೆ.

ದೊಡ್ಡ ತೊಂದರೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಬಳಕೆಗೆ ಬಾರದೆ ಕಪಾಟಿನಲ್ಲಿರುತ್ತದೆ, ಉಣ್ಣೆಯ ಪದರ ನಮ್ಮ ಹವೆಯ ತೇವವನ್ನೆಲ್ಲ ಹೀರುತ್ತದೆ. ಮೊದಲ ಮಳೆಗಾಲದ ಕೊನೆಗೆ ತೆಗೆದಾಗ ಸೀಳುಗಳ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಬೂಸ್ಟಿನ ಚುಕ್ಕಿಗಳಿದ್ದವು, ತೊಳೆದರೂ ಕಲೆ ಪೂರ್ತಿ ಹೋಗಲಿಲ್ಲ. ಈಗ ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ. ನ್ಯಾಫ್ತಲೀನ್ ನುಸಿಗುಳಿಗೆಯನ್ನು ಅದರೊಳಗೆ ಹಾಕಲೇಬಾರದು: ಅದರ ಆವಿ ಬಟ್ಟೆಯಲ್ಲಿ ಉಳಿದು, ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತಕಣಗಳನ್ನು ಒಡೆಯಬಲ್ಲದು, ಆ ಕೊರತೆ ಹೊರಗೆ ಕಾಣುವಂಥದ್ದಲ್ಲ.